ಇಪ್ಪತ್ತೆರಡನೇ ದಿನ

ಬೇಯಿಸಿದ ಮೊಟ್ಟೆಯನ್ನು ತಿನ್ನುವುದಕ್ಕಿಂತ ಸುಲಿಯುವುದರಲ್ಲೇ ಮಕ್ಕಳಿಗೆ ಹೆಚ್ಚು ಖುಷಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 2021ರ ಕೊನೆಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿ, ಮರುವರ್ಷ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದ ಮೇಲೆ ಈ ಖುಷಿ ಸರ್ಕಾರಿ ಶಾಲೆಗಳ ಜಗಲಿಯಲ್ಲಿ ಮಾಮೂಲಾಗಿದೆ. ಒಂದನೇ ತರಗತಿಯ ಮಗು ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಕುಟ್ಟಿ, ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ದಪ್ಪ ತುದಿಗೇ ಉಗುರು ಹಾಕುತ್ತದೆ. ಅಲ್ಲಿ ಸಿಪ್ಪೆ ಸಲೀಸಾಗಿ ಏಳುತ್ತದೆ. ಅದರ ಕೆಳಗೆ ಒಂದಿಷ್ಟು ಜಾಗ ಖಾಲಿ. ಸಿಪ್ಪೆ ಹೋದ ಮೇಲೆ ಬಿಳಿಯ ಭಾಗದಲ್ಲೊಂದು ತಗ್ಗು, ಅದಕ್ಕೆ ಅಂಟಿಕೊಂಡ ತೆಳು ಪೊರೆ ಕಾಣುತ್ತದೆ. ಮಗು ಆ ತಗ್ಗಿಗೆ ಚಿಟಿಕೆ ಉಪ್ಪು ಉದುರಿಸಿಕೊಂಡು ತಿಂದು ಮುಗಿಸುತ್ತದೆ. ಆ ತಗ್ಗು ಯಾಕಿದೆ ಎಂದು ಯಾರೂ ಹೇಳಿರುವುದಿಲ್ಲ. ಅದು ಗಾಳಿಯ ಕೋಣೆ. ಕಾವಿಗೆ ಇಟ್ಟ ಮೊಟ್ಟೆಯಲ್ಲಿ, ಹತ್ತೊಂಬತ್ತು ಇಪ್ಪತ್ತನೇ ದಿನದ ಹೊತ್ತಿಗೆ ಒಳಗಿನ ಮರಿ ಆ ಪೊರೆಯನ್ನು ಕೊಕ್ಕಿನಿಂದ ಹರಿದು ತನ್ನ ಮೊದಲ ಉಸಿರನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಸಾಲಿನಲ್ಲಿ ಕೂತ ಯಾವುದಾದರೂ ಮಗು ಎಂದಾದರೂ ಒಂದು ದಿನ "ಇದರೊಳಗೆ ಮರಿ ಇತ್ತಾ ಮಿಸ್?" ಎಂದು ಕೇಳಿಯೇ ಕೇಳುತ್ತದೆ. ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಫಾರಂನ ಹೇಂಟೆಗಳು ಹುಂಜದ ಮುಖವನ್ನೇ ನೋಡದೆ ಮೊಟ್ಟೆ ಇಡುತ್ತವೆ. ಇಷ್ಟು ಹೇಳಿ ಮುಂದಿನ ತಟ್ಟೆಗೆ ಹೋಗಿಬಿಡುವುದು ಸುಲಭ. ಆದರೆ ಮಗು ಕೇಳಿದ್ದು ಆ ಒಂದು ಮೊಟ್ಟೆಯ ಸಮಾಚಾರವನ್ನಲ್ಲ. ಮರಿ ಎಲ್ಲಿಂದ ಬರುತ್ತದೆ, ಬಂದಮೇಲೆ ಏನಾಗುತ್ತದೆ ಎಂದು ಅದು ಕೇಳುತ್ತಿದೆ.

ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು, ಮಕ್ಕಳು ಮರಿ ಮಾಡಿಸಿ ನೋಡಬೇಕು ಎನ್ನುವವರು ಜಗತ್ತಿನಾದ್ಯಂತ ಇದ್ದಾರೆ. ಅಮೆರಿಕದಲ್ಲಿ ಫೋರ್-ಎಚ್ ಎಂಬ ಮಕ್ಕಳ ಸಂಘಟನೆಯ ಮೂಲಕ ತರಗತಿಯೊಳಗೇ ಇನ್‌ಕ್ಯುಬೇಟರ್ ಇಟ್ಟು ಮರಿ ಮಾಡಿಸುವುದು ದಶಕಗಳಿಂದ ನಡೆದುಬಂದಿದೆ. ಬ್ರಿಟನ್ನಿನ ಶಾಲೆಗಳಿಗೆ ಮೊಟ್ಟೆ, ಯಂತ್ರ ಎರಡನ್ನೂ ಬಾಡಿಗೆಗೆ ತಂದುಕೊಟ್ಟು, ಮರಿ ಹೊರಬಂದ ಕೆಲವು ದಿನಕ್ಕೆ ವಾಪಸು ಒಯ್ಯುವ ವ್ಯಾಪಾರವೇ ಇದೆ. ನಮ್ಮ ನಗರಗಳ ಕೆಲವು ಪೋಷಕರು ಸಣ್ಣ ಇನ್‌ಕ್ಯುಬೇಟರನ್ನು ಆನ್‌ಲೈನಿನಲ್ಲಿ ತರಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದಾರೆ. ಇವರೆಲ್ಲರ ಉತ್ಸಾಹ ನನಗೆ ಹಿಡಿಸುತ್ತದೆ. ಆದರೆ ಈ ಏರ್ಪಾಟುಗಳಲ್ಲಿ ಬಹುಪಾಲು ಇಪ್ಪತ್ತೊಂದನೇ ದಿನಕ್ಕೆ ಮುಗಿದುಹೋಗುತ್ತವೆ. ಚಿಪ್ಪು ಒಡೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೊ ತೆಗೆದರು, ಮರಿಗಳು ಪೆಟ್ಟಿಗೆ ಸೇರಿ ಎಲ್ಲಿಗೋ ಹೋದವು. ಮಗು ಕೇಳಿದ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಸಿಕ್ಕಿತು, ಎರಡನೆಯ ಅರ್ಧ ಬಾಕಿ ಉಳಿಯಿತು. ಮರಿ ಮಾಡಿಸುವುದಾದರೆ ಸಾಕುವುದಕ್ಕೂ ಸಿದ್ಧರಿರಬೇಕು, ಸಾಕಲು ಆಗದಿದ್ದರೆ ಮರಿ ಮಾಡಿಸಬಾರದು. ಮಗು ಬದುಕಿನ ಬಗ್ಗೆ ಕಲಿಯುವುದರ ದೊಡ್ಡ ಪಾಲು ಇಪ್ಪತ್ತೆರಡನೇ ದಿನದಿಂದ ಶುರುವಾಗುತ್ತದೆ ಎಂಬುದು ನನ್ನ ವಾದ.

ಹಾಗೆಂದು ಮೊದಲ ಇಪ್ಪತ್ತೊಂದು ದಿನಗಳನ್ನು ಕಡೆಗಣಿಸುವಂತಿಲ್ಲ. ನಾಟಿ ಹೇಂಟೆ ದಿನಕ್ಕೊಂದರಂತೆಯೋ ದಿನ ಬಿಟ್ಟು ದಿನವೋ ಮೊಟ್ಟೆ ಇಡುತ್ತ ಹೋಗುತ್ತದೆ, ಆದರೆ ಕೂಡಲೇ ಕಾವು ಕೊಡುವುದಿಲ್ಲ. ಹತ್ತು ಹನ್ನೆರಡು ಸೇರಿದ ಮೇಲೆ ಗೂಡು ಬಿಟ್ಟು ಏಳುವುದನ್ನು ನಿಲ್ಲಿಸುತ್ತದೆ. ಯಾರಾದರೂ ಹತ್ತಿರ ಹೋದರೆ ಮೈ ಉಬ್ಬಿಸಿ ಗುರುಗುಟ್ಟುತ್ತದೆ. ಅಲ್ಲಿಯವರೆಗೆ ಮೊದಲ ದಿನದ ಮೊಟ್ಟೆಯೊಳಗಿನ ಜೀವ ಬೆಳೆಯದೆ ಹಾಗೇ ಕಾದಿರುತ್ತದೆ. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳು ಹೆಚ್ಚುಕಡಿಮೆ ಒಂದೇ ದಿನ ಮರಿಯಾಗುವುದು ಹೀಗೆ. ಬಿರುಬೇಸಿಗೆಯಲ್ಲಿ ಈ ಲೆಕ್ಕ ತಪ್ಪುತ್ತದೆ; ಹೊರಗಿನ ಸೆಕೆಗೇ ಒಳಗೆ ಅರೆಬರೆ ಬೆಳವಣಿಗೆ ಶುರುವಾಗಿ, ಮುಂದೆ ಸಾಗಲಾರದೆ ನಿಂತುಬಿಡುತ್ತದೆ. ಬುಟ್ಟಿಗೆ ಮರಳೋ ಬೂದಿಯೋ ಹಾಕಿ, ಮೇಲೆ ಹುಲ್ಲು ಹಾಸಿ, ಕತ್ತಲೆಯ ಮೂಲೆಯಲ್ಲಿಟ್ಟು ಕೂರಿಸಿದರೆ ಮಿಕ್ಕ ಕೆಲಸವೆಲ್ಲ ಹೇಂಟೆಯದು. ಅದು ಕೊಕ್ಕಿನಿಂದ ಮೊಟ್ಟೆಗಳನ್ನು ದಿನಕ್ಕೆ ಎಷ್ಟೋ ಸಲ ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ತಳ್ಳುತ್ತದೆ. ಹೊರಳಿಸದಿದ್ದರೆ ಭ್ರೂಣ ಪೊರೆಗೆ ಅಂಟಿಕೊಂಡು ಸಾಯುತ್ತದೆ. ದಿನಕ್ಕೊಮ್ಮೆ ಮಾತ್ರ ಎದ್ದು ಹೊರಬಂದು, ಅವಸರದಲ್ಲಿ ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು, ಅಷ್ಟು ಹೊತ್ತೂ ತಡೆದಿಟ್ಟುಕೊಂಡ ದೊಡ್ಡ ಹಿಕ್ಕೆ ಹಾಕಿ, ಮೈ ಕೊಡವಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಗೂಡನ್ನು ಹೊಲಸು ಮಾಡುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಉಷ್ಣಾಂಶದ ಲೆಕ್ಕ ತಿಳಿಯದು, ಆದರೆ ಈ ಹಿಕ್ಕೆಯ ವಿಷಯ ಚೆನ್ನಾಗಿ ತಿಳಿಯುತ್ತದೆ.

ಐದಾರನೇ ರಾತ್ರಿ ದೀಪ ಆರಿಸಿ, ಟಾರ್ಚಿನ ಬೆಳಕಿಗೆ ಮೊಟ್ಟೆಯ ದಪ್ಪ ತುದಿಯನ್ನು ಒತ್ತಿ ಹಿಡಿದರೆ ಚಿಪ್ಪು ಕಿತ್ತಳೆ ಬಣ್ಣಕ್ಕೆ ತಿರುಗಿ, ಒಂದು ಕಪ್ಪು ಚುಕ್ಕಿಯಿಂದ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿರುವುದು ಕಾಣುತ್ತದೆ. ಕಣ್ಣು ಒಗ್ಗಿದ ಮೇಲೆ ಆ ಚುಕ್ಕಿ ಅಲುಗುವುದೂ ಕಾಣುತ್ತದೆ. ಹಳೆಯ ಗ್ರೀಕರಿಗೆ ಇದನ್ನು ನೋಡಲು ಮೊಟ್ಟೆ ಒಡೆಯದೆ ದಾರಿ ಇರಲಿಲ್ಲ. ಇಪ್ಪತ್ತು ಮೊಟ್ಟೆಗಳನ್ನು ಕಾವಿಗಿಟ್ಟು ದಿನಕ್ಕೊಂದರಂತೆ ಒಡೆದು ನೋಡಿ ಎಂಬ ಸಲಹೆ ಹಿಪ್ಪೊಕ್ರಟಿಸನ ಪರಂಪರೆಯ ವೈದ್ಯಗ್ರಂಥದಲ್ಲಿದೆ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಅರಿಸ್ಟಾಟಲ್, ಮೂರನೇ ದಿನ ರಕ್ತದ ಚುಕ್ಕಿಯೊಂದು ಮಿಡಿಯುವುದನ್ನು ಕಂಡು ಅದೇ ಹೃದಯವೆಂದು ಬರೆದಿಟ್ಟ. ಇಂದು ಒಂದೂ ಮೊಟ್ಟೆ ಒಡೆಯದೆ ಅದೇ ಮಿಡಿತವನ್ನು ಅಂಗನವಾಡಿಯ ಮಗು ನೋಡಬಹುದು. ಮುಂದಿನ ದಿನಗಳಲ್ಲಿ ಟಾರ್ಚ್ ಹಿಡಿದರೆ ಒಳಗೆ ಕತ್ತಲೆ ಹೆಚ್ಚುತ್ತ, ಗಾಳಿಯ ಕೋಣೆ ದೊಡ್ಡದಾಗುತ್ತ ಹೋಗುತ್ತದೆ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ನೀರಿನಂಶ ಆವಿಯಾಗಿ ಮೊಟ್ಟೆ ತನ್ನ ತೂಕದಲ್ಲಿ ಎಂಟನೇ ಒಂದು ಪಾಲಿನಷ್ಟನ್ನು ಕಳೆದುಕೊಳ್ಳುತ್ತದೆ. ಚಿಪ್ಪಿನ ಸುಣ್ಣ ಕರಗಿ ಮರಿಯ ಮೂಳೆಯಾಗುತ್ತದೆ. ಇಪ್ಪತ್ತನೇ ದಿನ ಮೊಟ್ಟೆಗೆ ಕಿವಿಯಿಟ್ಟರೆ ಒಳಗಿನಿಂದ ಚಿಂವ್ ಚಿಂವ್ ಎಂಬ ಸದ್ದು, ಅದಕ್ಕೆ ಹೇಂಟೆಯ ಮೆಲುದನಿಯ ಓಗೊಡುವಿಕೆ. ಹೊರಗೆ ಬರುವ ಮೊದಲೇ ತಾಯಿ ಮಕ್ಕಳ ಮಾತುಕತೆ ಶುರುವಾಗಿರುತ್ತದೆ.

ಆಮೇಲೆ ದೊಡ್ಡವರಿಗೂ ಕಷ್ಟವಾಗುವ ಪಾಠವೊಂದು ಬರುತ್ತದೆ. ಮರಿಯ ಕೊಕ್ಕಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಮೊನೆಯೊಂದು ಇರುತ್ತದೆ. ಅದರಿಂದ ಚಿಪ್ಪಿನಲ್ಲಿ ಮೊದಲ ಬಿರುಕು ಬಿದ್ದು, ಮರಿ ಪೂರ್ತಿ ಹೊರಬರಲು ಹನ್ನೆರಡು ಗಂಟೆಯಿಂದ ಒಂದಿಡೀ ದಿನ ಹಿಡಿಯುತ್ತದೆ. ಬಿರುಕು ಬಿಟ್ಟು ಮರಿ ಸುಮ್ಮನಾಗುತ್ತದೆ. ಗಂಟೆಗಳು ಕಳೆದರೂ ಏನೂ ಆಗುವುದಿಲ್ಲ. ಪಾಪ, ಆಗುತ್ತಿಲ್ಲ ಅದಕ್ಕೆ, ನಾವೇ ಸುಲಿದುಬಿಡೋಣ ಎಂದು ಎಲ್ಲರ ಕೈ ತುರಿಸುತ್ತದೆ. ಸುಲಿದರೆ ಬಹಳ ಸಲ ಮರಿ ಸಾಯುತ್ತದೆ. ಆ ಹೊತ್ತಿನಲ್ಲಿ ಪೊರೆಯ ರಕ್ತನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಮಿಕ್ಕ ಹಳದಿಭಾಗ ಇನ್ನೂ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಮರಿ ಸುಮ್ಮನಿದ್ದಂತೆ ಕಾಣುವಾಗ ಒಳಗೆ ಈ ಕೆಲಸ ನಡೆದಿರುತ್ತದೆ. ಹಾಗೆ ಹೊಟ್ಟೆ ಸೇರಿದ ಹಳದಿಯೇ ಹೊರಬಂದ ಮರಿಗೆ ಎರಡು ದಿನದ ಬುತ್ತಿ. ಮಕ್ಕಳಿಗೆ ನಾವು ಸದಾ ಹೇಳುವುದು ಸಹಾಯ ಮಾಡು, ಕೈಜೋಡಿಸು ಎಂದು. ಸಹಾಯ ಮಾಡದೆ ಹತ್ತಿರ ಕೂತಿರುವುದೂ ಪ್ರೀತಿಯೇ ಎಂದು ತೋರಿಸಿಕೊಡಲು ಇಂಥ ಇನ್ನೊಂದು ಅವಕಾಶ ಸುಲಭಕ್ಕೆ ಸಿಗುವುದಿಲ್ಲ.

ಇಷ್ಟೆಲ್ಲವನ್ನೂ ವಿಡಿಯೊದಲ್ಲಿ ತೋರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ತೋರಿಸಬಹುದು, ಮತ್ತು ಕೆಲವು ವಿಷಯ ವಿಡಿಯೊದಲ್ಲೇ ಚೆನ್ನಾಗಿ ಕಾಣುತ್ತದೆ. ಆದರೆ ನೋಡಿದ ಮಗುವಿಗೂ ಸಾಕಿದ ಮಗುವಿಗೂ ವ್ಯತ್ಯಾಸವಿದೆ. ಜಪಾನಿನ ಕಯೊಕೊ ಇನಗಾಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮನೆಯಲ್ಲಿ ಹೊಂಬಣ್ಣದ ಮೀನು ಸಾಕಿದ ಐದು ವರ್ಷದ ಮಕ್ಕಳನ್ನೂ ಸಾಕದ ಮಕ್ಕಳನ್ನೂ ಹೋಲಿಸಿದರು. ಸಾಕಿದವರಿಗೆ ಮೀನಿನ ಬಗ್ಗೆ ಹೆಚ್ಚು ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ತಾವು ಎಂದೂ ಸಾಕದ ಕಪ್ಪೆಯ ಬಗ್ಗೆ ಕೇಳಿದಾಗಲೂ ಅವರು ಮೀನಿನಿಂದ ತರ್ಕ ಮಾಡಿ ಉತ್ತರ ಕೊಟ್ಟರು. ಕಪ್ಪೆಮರಿಯನ್ನು ಹಾಗೇ ಚಿಕ್ಕದಾಗಿ ಇಟ್ಟುಕೊಳ್ಳಲು ಆಗುವುದಿಲ್ಲ, ಮೀನು ದೊಡ್ಡದಾದ ಹಾಗೆ ಅದೂ ದೊಡ್ಡದಾಗುತ್ತದೆ ಎಂಬ ಬಗೆಯ ಉತ್ತರ ಅದು. ದಿನವೂ ಆಹಾರ ಹಾಕಿ, ನೀರು ಬದಲಿಸಿ, ಬೆಳೆಯುವುದನ್ನು ಕಂಡ ಮಗುವಿಗೆ ಒಂದು ಜೀವದಿಂದ ಇನ್ನೊಂದು ಜೀವಕ್ಕೆ ದಾಟಲು ಸೇತುವೆ ಸಿಕ್ಕಿತ್ತು. ಗಾಜಿನ ಆಚೆಗಿನ ಮೀನಿಗೇ ಇಷ್ಟು ಶಕ್ತಿಯಿದ್ದರೆ, ಕೈಮೇಲೆ ಬಂದು ನುಚ್ಚು ಹೆಕ್ಕುವ ಕೋಳಿಮರಿಗೆ ಇನ್ನೆಷ್ಟಿರಬೇಕು.

ಈಗ ಇಪ್ಪತ್ತೆರಡನೇ ದಿನಕ್ಕೆ ಬರೋಣ. ಹೇಂಟೆ ಮರಿಗಳನ್ನು ಕರೆದುಕೊಂಡು ಬುಟ್ಟಿಯಿಂದ ಇಳಿಯುತ್ತದೆ. ಕಾಲಿನಿಂದ ಮಣ್ಣು ಕೆದರಿ, ಹುಳ ಸಿಕ್ಕರೆ ತಾನು ನುಂಗದೆ ಎತ್ತಿ ಎತ್ತಿ ಹಾಕುತ್ತ ಕೊಟ್ ಕೊಟ್ ಎಂದು ಕರೆಯುತ್ತದೆ. ಮರಿಗಳು ಓಡಿ ಬರುತ್ತವೆ. ಮೇಲೆ ಹದ್ದು ಸುಳಿದರೆ ಅದರ ದನಿಯೇ ಬೇರೆ, ನೆಲದ ಮೇಲೆ ಬೆಕ್ಕೋ ನಾಯಿಯೋ ಬಂದರೆ ಇನ್ನೊಂದು ದನಿ. ಕೋಳಿಗಳ ಕೂಗನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳೂ ಈ ವ್ಯತ್ಯಾಸವನ್ನು ಗುರುತಿಸಿದ್ದಾರೆ. ಹದ್ದಿನ ಕೂಗಿಗೆ ಮರಿಗಳು ಇದ್ದಲ್ಲೇ ಅವಿತುಕೊಳ್ಳುತ್ತವೆ ಇಲ್ಲವೇ ತಾಯಿಯ ರೆಕ್ಕೆಯಡಿಗೆ ನುಗ್ಗುತ್ತವೆ. ಮಕ್ಕಳು ಒಂದು ವಾರ ಗಮನವಿಟ್ಟು ಕೇಳಿದರೆ ಈ ದನಿಗಳನ್ನು ತಾವೇ ಬೇರ್ಪಡಿಸಬಲ್ಲರು. ಜೊತೆಗೆ ಕೆಲಸ ಇರುತ್ತದೆ. ಅಗಲ ತಟ್ಟೆಯಲ್ಲಿ ನೀರಿಟ್ಟು, ಮರಿಗಳು ಮುಳುಗದಂತೆ ಅದರಲ್ಲಿ ಬೆಣಚುಕಲ್ಲು ಹಾಕಬೇಕು. ನುಚ್ಚು, ರಾಗಿ, ಸಿಕ್ಕರೆ ಗೆದ್ದಲು. ಸಂಜೆ ಎಣಿಸಿ ಗೂಡಿಗೆ ಸೇರಿಸಿ ಬಾಗಿಲು ಹಾಕಬೇಕು. ಐದು ವರ್ಷದ ಮಗುವಿಗೆ ಎಣಿಕೆ ಕಲಿಯಲು ಇದಕ್ಕಿಂತ ಗಂಭೀರವಾದ ಕಾರಣ ಬೇಕಿಲ್ಲ. ಮೊದಲ ವಾರದಲ್ಲೇ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಬೇಕು. ತಮಗೆ ಹಾಕಿದ ಹಾಗೆಯೇ ಮರಿಗಳಿಗೂ ಲಸಿಕೆ ಇದೆ ಎಂಬುದು ಅಂಗನವಾಡಿಯ ಮಕ್ಕಳಿಗೆ ಸಮಾಧಾನದ ಸುದ್ದಿ. ಪಶುವೈದ್ಯ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಬೇಕು.

ಮೂರನೇ ವಾರದ ಹೊತ್ತಿಗೆ ಒಂದು ಬದಲಾವಣೆ ಬರುತ್ತದೆ, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹತ್ತಿಯಂಥ ಮೈಗೂದಲು ಉದುರಿ, ನಡುನಡುವೆ ಗರಿ ಮೊಳೆತು, ಕತ್ತು ಉದ್ದವಾಗಿ, ಮರಿ ಅಂದಗೆಡುತ್ತದೆ. ಗೂಡು ನಾರುತ್ತದೆ. ದಿನವೂ ಗುಡಿಸಬೇಕು. ಮರಿಗಳು ಒಂದನ್ನೊಂದು ಕುಕ್ಕಿ ಜಗಳ ತೆಗೆಯುತ್ತವೆ, ಬಡಪಾಯಿಯೊಂದನ್ನು ಎಲ್ಲವೂ ಸೇರಿ ಓಡಿಸುತ್ತವೆ. ಮೊದಲ ವಾರ ತಾ ಮುಂದು ನಾ ಮುಂದು ಎಂದು ಕೈಚಾಚಿದ ಮಕ್ಕಳಲ್ಲಿ ಅರ್ಧ ಮಂದಿ ಈಗ ಬರುವುದಿಲ್ಲ. ಉಳಿದ ಅರ್ಧ ಮಂದಿ, ಮುದ್ದಾಗಿಲ್ಲದಿದ್ದರೂ ಹಸಿವಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಬೆಳಿಗ್ಗೆ ನೀರು ಹಿಡಿದು ಬರುತ್ತಾರೆ. ಬಾರದವರನ್ನು ಬೈಯಬೇಕಿಲ್ಲ, ಮರುದಿನ ಕೆಲಸ ಹಂಚಿಕೊಟ್ಟರೆ ಅವರೂ ಬಂದಾರು. ಇಪ್ಪತ್ತೊಂದನೇ ದಿನಕ್ಕೆ ಮರಿಗಳನ್ನು ಒಯ್ದುಬಿಡುವ ಏರ್ಪಾಟಿನಲ್ಲಿ ಈ ಘಟ್ಟ ಬರುವುದೇ ಇಲ್ಲ. ಜೀವವೆಂದರೆ ಸದಾ ಮುದ್ದಾಗಿರುವ, ಬೇಡವಾದಾಗ ಯಾರೋ ಬಂದು ತೆಗೆದುಕೊಂಡು ಹೋಗುವ ವಸ್ತು ಎಂದು ಆ ಮಕ್ಕಳು ತಿಳಿದರೆ ತಪ್ಪು ಅವರದಲ್ಲ.

ಸಾವಿನ ಮಾತನ್ನು ಎತ್ತದೆ ಇದನ್ನು ಮುಂದುವರಿಸುವಂತಿಲ್ಲ. ಎಷ್ಟು ಒಳ್ಳೆಯ ಹೇಂಟೆಯಾದರೂ ಕಾವಿಗಿಟ್ಟ ಎಲ್ಲ ಮೊಟ್ಟೆಗಳೂ ಮರಿಯಾಗುವುದಿಲ್ಲ, ಆದ ಎಲ್ಲ ಮರಿಗಳೂ ಉಳಿಯುವುದಿಲ್ಲ. ಚಿಕ್ಕ ಮಕ್ಕಳ ಮನಸ್ಸಿಗೆ ಇದು ಆಘಾತವಲ್ಲವೇ ಎಂಬ ಆಕ್ಷೇಪ ಸಹಜವಾದದ್ದು, ಪ್ರೀತಿಯಿಂದ ಹುಟ್ಟಿದ್ದು. ಸತ್ತದ್ದು ತಿರುಗಿ ಬರುವುದಿಲ್ಲ, ಸತ್ತ ದೇಹ ಏನನ್ನೂ ಮಾಡಲಾರದು, ಸಾವು ಎಲ್ಲ ಜೀವಕ್ಕೂ ಬರುತ್ತದೆ ಎಂಬ ಮೂರು ತಿಳಿವಳಿಕೆಗಳನ್ನು ಹೆಚ್ಚಿನ ಮಕ್ಕಳು ಐದರಿಂದ ಏಳು ವರ್ಷದೊಳಗೆ ಪಡೆಯುತ್ತಾರೆ ಎಂದು ಸ್ಪೀಸ್ ಮತ್ತು ಬ್ರೆಂಟ್ ಎಂಬ ಅಮೆರಿಕದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ 1984ರಲ್ಲಿ ಬರೆದರು. ಅಂದರೆ ನಾವು ಹೇಳಲಿ ಬಿಡಲಿ, ಆ ವಯಸ್ಸಿನಲ್ಲಿ ಮಗು ಈ ಪ್ರಶ್ನೆಯ ಜೊತೆ ಒಳಗೊಳಗೇ ಗುದ್ದಾಡುತ್ತಲೇ ಇರುತ್ತದೆ. ಒಬ್ಬಂಟಿಯಾಗಿ ಗುದ್ದಾಡುವುದಕ್ಕಿಂತ, ಎದುರಿಗೊಂದು ಸತ್ತ ಮರಿ, ಪಕ್ಕದಲ್ಲೊಬ್ಬರು ಸುಳ್ಳು ಹೇಳದ ದೊಡ್ಡವರು ಇದ್ದಾಗ ಗುದ್ದಾಡುವುದು ಮೇಲು. ಕೋಳಿಮರಿ ಊರಿಗೆ ಹೋಗಿದೆ, ದೇವರು ಕರೆದುಕೊಂಡ, ನಿದ್ದೆ ಮಾಡುತ್ತಿದೆ ಎಂಬ ಮಾತುಗಳು ಮಗುವಿನ ಗೊಂದಲವನ್ನು ಹೆಚ್ಚಿಸುತ್ತವೆ. ನಿದ್ದೆ ಎಂದು ಕೇಳಿದ ಮಗು ರಾತ್ರಿ ಮಲಗಲು ಹೆದರುವುದೂ ಉಂಟು. ಸತ್ತುಹೋಯಿತು, ಇನ್ನು ಏಳುವುದಿಲ್ಲ, ಅದಕ್ಕೆ ಈಗ ನೋವಿಲ್ಲ ಎಂದು ನೇರವಾಗಿ ಹೇಳಿ, ಹಿತ್ತಿಲಲ್ಲಿ ಗುಂಡಿ ತೋಡಿ ಹೂಳುವುದು ಸಾಕು.

ಆದರೆ ಎಲ್ಲ ಸಾವೂ ಒಂದೇ ಅಲ್ಲ. ಜಪಾನಿನ ತೆತ್ಸುಕೊ ಕುರೊಯಾನಗಿಯವರ 'ತೊತ್ತೊ-ಚಾನ್' ಕನ್ನಡದ ಓದುಗರಿಗೂ ಪ್ರಿಯವಾದ ಪುಸ್ತಕ. ಅದರಲ್ಲಿ ಪುಟ್ಟ ಹುಡುಗಿ ಜಾತ್ರೆಯಲ್ಲಿ ಕಂಡ ಕೋಳಿಮರಿಗಳಿಗಾಗಿ ಹಟ ಹಿಡಿಯುತ್ತಾಳೆ. ಇವು ಬದುಕುವುದಿಲ್ಲ ಎಂದು ಅಪ್ಪ ಅಮ್ಮ ಎಷ್ಟು ಹೇಳಿದರೂ ಕೇಳದೆ ಕೊಡಿಸಿಕೊಳ್ಳುತ್ತಾಳೆ. ಕೆಲವೇ ದಿನಗಳಲ್ಲಿ ಎರಡೂ ಮರಿಗಳು ಒಂದಾದ ಮೇಲೊಂದು ಸಾಯುತ್ತವೆ. ನಮ್ಮ ಸಂತೆ ಜಾತ್ರೆಗಳಲ್ಲೂ ಗುಲಾಬಿ, ಹಸಿರು, ನೇರಳೆ ಬಣ್ಣ ಹಚ್ಚಿದ ಮರಿಗಳು ಬುಟ್ಟಿಯಲ್ಲಿ ಮಾರಾಟಕ್ಕಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಮೊಟ್ಟೆಕೋಳಿಯ ಹ್ಯಾಚರಿಗಳಿಗೆ ಬೇಡವಾದ ಗಂಡುಮರಿಗಳು. ಮೊದಲ ವಾರ ಕೋಳಿಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಬೇಕು. ತಾಯಿಯ ರೆಕ್ಕೆಯಡಿ ಅದು ಸಿಗುತ್ತದೆ, ಇಲ್ಲವಾದರೆ ಬಲ್ಬಿನ ಕೆಳಗೆ ಸಿಗಬೇಕು. ರಟ್ಟಿನ ಡಬ್ಬದಲ್ಲಿ, ಮನೆಯ ಮೂಲೆಯಲ್ಲಿ, ಬಣ್ಣದ ನೀರಿನಲ್ಲಿ ನೆನೆದ ಮರಿಗೆ ಅದು ಸಿಗುವುದಿಲ್ಲ. ಆ ಮರಿ ಚಳಿಗೆ ಸಾಯುತ್ತದೆ, ಮತ್ತು ಅದನ್ನು ಕೊಡಿಸಿದ ದೊಡ್ಡವರಿಗೆ ಇದು ಗೊತ್ತಿರಬೇಕಿತ್ತು. ಇಂಥ ಸಾವಿನಿಂದ ಮಗು ಜೀವ ಅಗ್ಗವಾದದ್ದು, ಸತ್ತರೆ ಇನ್ನೊಂದು ಕೊಳ್ಳಬಹುದು ಎಂದು ಕಲಿತರೆ ಅದಕ್ಕೆ ನಾವೇ ಹೊಣೆ. ತಾಯಿಕೋಳಿಯ ಕಾವಲಿದ್ದೂ ಹದ್ದು ಎತ್ತಿಕೊಂಡು ಹೋದ ಮರಿಯ ಸಾವು ಬೇರೆ. ಅಲ್ಲಿ ಮಗು ಅಳುತ್ತದೆ, ಹದ್ದನ್ನು ಬೈಯುತ್ತದೆ. ಹದ್ದಿನ ಗೂಡಿನಲ್ಲೂ ಮರಿಗಳಿರುತ್ತವೆ ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಲು ಬಹಳ ದಿನ ಹಿಡಿಯುತ್ತದೆ. ಹಿಡಿಯಲಿ.

ರೋಗದ ಆಕ್ಷೇಪ ಇದಕ್ಕಿಂತ ನೇರವಾದದ್ದು; ಉತ್ತರವೂ ನೇರ. ಆರೋಗ್ಯವಾಗಿ ಕಾಣುವ ಕೋಳಿಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲ ಇರಬಹುದು. ಹಿತ್ತಿಲ ಕೋಳಿಗಳಿಂದ ಮಕ್ಕಳಿಗೆ ಭೇದಿ, ಜ್ವರ ತಗಲಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರತಿವರ್ಷ ವರದಿ ಮಾಡುತ್ತದೆ. ಐದು ವರ್ಷದೊಳಗಿನ ಮಕ್ಕಳು ಮರಿಗಳನ್ನು ಮುಟ್ಟಲೇಬಾರದು ಎನ್ನುತ್ತದೆ. ಇದನ್ನು ಉಡಾಫೆ ಮಾಡಬಾರದು. ಹಳ್ಳಿಯ ಮಕ್ಕಳು ಕೋಳಿಯ ಜೊತೆಗೇ ಬೆಳೆದರಲ್ಲ, ಅವರಿಗೇನಾಯಿತು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಹಿಂದಿನ ಕಾಲದಲ್ಲಿ ಭೇದಿಯಿಂದ ಸತ್ತ ಕೂಸುಗಳನ್ನು ಈ ವಾದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐದರೊಳಗಿನವರು ನೋಡಲಿ, ಕಾಳು ಎಸೆಯಲಿ, ಎಣಿಸಲಿ. ಎತ್ತಿ ಮುದ್ದಾಡುವುದು ಬೇಡ. ದೊಡ್ಡ ಮಕ್ಕಳು ಮುಟ್ಟಿದರೆ ಸೋಪಿನಿಂದ ಕೈ ತೊಳೆಯದೆ ಬೇರೇನನ್ನೂ ಮುಟ್ಟಬಾರದು. ಬಿಸಿಯೂಟದ ಅಡುಗೆಕೋಣೆಯ ಹತ್ತಿರ ಗೂಡು ಇರಬಾರದು. ಹಕ್ಕಿಜ್ವರದ ಸುದ್ದಿ ಹಬ್ಬಿದ ಕಡೆ ಆ ವರ್ಷ ಈ ಯೋಚನೆಯನ್ನೇ ಬಿಡಬೇಕು. ಮುಟ್ಟದೆಯೂ ಪ್ರೀತಿಸಲು ಬರುತ್ತದೆ. ಮರಿಯ ಮಟ್ಟಿಗಂತೂ ಮಗುವಿನ ಮುಷ್ಟಿಯಿಂದ ದೂರವಿದ್ದಷ್ಟೂ ಕ್ಷೇಮ.

ಮರಿಯ ಕಡೆಯಿಂದ ಎತ್ತುವ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಶಾಲೆಗಳಲ್ಲಿ ಮರಿ ಮಾಡಿಸುವುದನ್ನೇ ವಿರೋಧಿಸುತ್ತದೆ. ರಾತ್ರಿ, ವಾರದ ರಜೆಗಳಲ್ಲಿ ಯಂತ್ರವನ್ನು ನೋಡುವವರಿಲ್ಲ, ಮರಿಗಳಿಗೆ ತಾಯಿಯಿಲ್ಲ, ಮುಂದೆ ಅವುಗಳ ಗತಿ ಏನೆಂದು ಯಾರಿಗೂ ಗೊತ್ತಿಲ್ಲ, ಜೀವವನ್ನು ಪಾಠೋಪಕರಣ ಮಾಡಿಕೊಂಡಂತಾಯಿತು ಎಂಬ ಧಾಟಿಯ ಕಾರಣಗಳು ಇಂಥ ವಿರೋಧದ ಹಿಂದಿವೆ. ಇವುಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯಲಾರೆ. ಯಂತ್ರದಿಂದ ಹೊರಬಂದ ಮರಿ ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಹಿಂಬಾಲಿಸುತ್ತದೆ. ಡಗ್ಲಸ್ ಸ್ಪಾಲ್ಡಿಂಗ್ 1873ರಲ್ಲೇ ಕೋಳಿಮರಿಗಳಲ್ಲಿ ಇದನ್ನು ಗಮನಿಸಿದ್ದ, ಮುಂದೆ ಕೊನ್ರಾಡ್ ಲೊರೆಂಜ್ ಬಾತುಗಳಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದ. ತಮ್ಮನ್ನು ತಾಯಿಯೆಂದು ನಂಬಿ ಹಿಂದೆ ಬಂದ ಮರಿಯನ್ನು ಐದನೇ ದಿನ ಪೆಟ್ಟಿಗೆಗೆ ತುಂಬಿ ಕಳಿಸಿ ಎಂದು ಮಕ್ಕಳಿಗೆ ಹೇಳುವುದು ಮರಿಗೂ ಒಳ್ಳೆಯದಲ್ಲ, ಮಕ್ಕಳಿಗೂ ಅಲ್ಲ. ಹಾಗಾಗಿಯೇ ಕಾವಿಗೆ ಕೂರುವ ನಾಟಿ ಹೇಂಟೆ ಇಲ್ಲದೆ ಇದಕ್ಕೆ ಕೈಹಾಕಬಾರದು ಎನ್ನುತ್ತೇನೆ. 2019ರಲ್ಲಿ ಇಂಡೊನೇಷ್ಯಾದ ಬಾಂಡುಂಗ್ ನಗರದಲ್ಲಿ, ಮಕ್ಕಳ ಮೊಬೈಲ್ ಗೀಳು ಬಿಡಿಸಲೆಂದು ಶಾಲಾಮಕ್ಕಳಿಗೆ ಕೋಳಿಮರಿಗಳನ್ನು ಹಂಚಿದರು. ಉದ್ದೇಶ ಒಳ್ಳೆಯದೇ. ಆದರೂ ಮರಿಯನ್ನು ಮೊಬೈಲಿನ ಬದಲಿಗೆ ಕೊಡುವುದೆಂದರೆ ಅದನ್ನೂ ಒಂದು ಆಟಿಕೆ ಎಂದು ಪರಿಚಯಿಸಿದಂತೆ. ಬೇಸರ ಬಂದಾಗ ಬದಿಗಿಡಲು ಅದಕ್ಕೆ ಸ್ವಿಚ್ಚಿಲ್ಲ. ಕೇರಳದಲ್ಲಿ ಸರ್ಕಾರಿ ಕೋಳಿ ಅಭಿವೃದ್ಧಿ ನಿಗಮ ಶಾಲಾಮಕ್ಕಳಿಗೆ ಕೋಳಿಗಳನ್ನು ಕೊಟ್ಟು ಮನೆಯಲ್ಲಿ ಸಾಕಿಸುವ ಯೋಜನೆ ನಡೆಸಿದೆ. ಮನೆಯವರೆಲ್ಲ ಸೇರಿ ಸಾಕಿ ಮೊಟ್ಟೆಯನ್ನೂ ಪಡೆಯುವ ಆ ಕ್ರಮ ನನಗೆ ಹೆಚ್ಚು ಸರಿ ಎನಿಸುತ್ತದೆ.

ಕೊನೆಗೆ ಉಳಿಯುವುದು ಹುಂಜಗಳ ಪ್ರಶ್ನೆ. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಎರಡು ಹುಂಜಗಳಿದ್ದರೆ ರಕ್ತ ಬರುವವರೆಗೆ ಕಾದಾಡುತ್ತವೆ. ಮೊಟ್ಟೆಕೋಳಿ ಉದ್ಯಮ ಈ ಸಮಸ್ಯೆಗೆ ಕಂಡುಕೊಂಡ ದಾರಿ ಭೀಕರವಾದದ್ದು: ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು. ಜರ್ಮನಿ 2022ರಿಂದ ಇದನ್ನು ಕಾನೂನಿನಿಂದ ನಿಷೇಧಿಸಿದೆ, ಉಳಿದ ಬಹುತೇಕ ದೇಶಗಳಲ್ಲಿ ಅದು ನಡೆದೇ ಇದೆ. ಊರಲ್ಲಿ ಹುಂಜ ಬೆಳೆದ ಮೇಲೆ ಹಬ್ಬಕ್ಕೋ ನೆಂಟರು ಬಂದಾಗಲೋ ಸಾರಾಗುತ್ತದೆ. ಹೆಸರಿಟ್ಟು ಸಾಕಿದ ಹುಂಜ ಸಾರಾಗುವುದನ್ನು ಮಕ್ಕಳು ನೋಡಬೇಕೇ? ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಎಂಬ ಗಾದೆ ನಮ್ಮಲ್ಲಿದೆ. ಕೋಳಿಯನ್ನು ಕೇಳಲಾಗದು ನಿಜ, ಸಾಕಿದ ಮಗುವನ್ನಾದರೂ ಕೇಳಬಹುದಲ್ಲ. ಮಾಂಸ ತಿನ್ನುವ ಮನೆಯ ಮಗುವಿಗೆ ಸಾರಿನ ಕೋಳಿಯೂ ಅಂಗಳದ ಕೋಳಿಯೂ ಒಂದೇ ಎಂದು ತಿಳಿದಿರುವುದು ಪ್ರಾಮಾಣಿಕತೆಯ ಮಾತು. ಅದು ತಿಳಿದ ಮೇಲೆ ಕೆಲವು ಮಕ್ಕಳು ಎಂದಿನಂತೆ ತಿನ್ನುತ್ತಾರೆ, ಕೆಲವರು ಆ ದಿನ ತಟ್ಟೆ ಸರಿಸುತ್ತಾರೆ, ಕೆಲವರು ಮುಂದೆಂದೂ ತಿನ್ನುವುದಿಲ್ಲ. ಮೂರನ್ನೂ ಮನೆಯವರು ಗೌರವಿಸಬೇಕು. ತಿನ್ನದ ಮನೆಯ ಮಗುವಿಗೂ ಈ ಪ್ರಶ್ನೆ ತಪ್ಪುವುದಿಲ್ಲ. ಹುಂಜವನ್ನು ಯಾರಿಗಾದರೂ ಕೊಟ್ಟರೆ ಅವರು ಏನು ಮಾಡುತ್ತಾರೆ ಎಂದು ಅದು ಕೇಳುತ್ತದೆ. ಎಲ್ಲ ಜಾತಿ, ಎಲ್ಲ ಮನೆಗಳ ಮಕ್ಕಳು ಒಟ್ಟಿಗೆ ಕೂರುವ ಸರ್ಕಾರಿ ಶಾಲೆಯಲ್ಲಿ ಈ ಮಾತು ಕಸಿವಿಸಿ ತರುತ್ತದೆ. ಯಾರ ಊಟವನ್ನೂ ಹೀನಾಯ ಮಾಡದೆ ಅದನ್ನು ಮಾತಾಡುವ ಶಿಕ್ಷಕರು ನಮ್ಮಲ್ಲಿದ್ದಾರೆ, ಅಂಥವರಿರುವ ಶಾಲೆಯಲ್ಲೇ ಇದು ನಡೆಯಲಿ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇರುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ: ಅಲ್ಲಿ ಬೇಡ. ಕುಂಡದಲ್ಲಿ ಅವರೆಬಳ್ಳಿ ಹಬ್ಬಿಸಿ, ಊರಿಗೆ ಹೋದಾಗ ಅಜ್ಜಿಯ ಮನೆಯ ಕೋಳಿಗಳ ಜೊತೆ ಮಗುವನ್ನು ಬಿಡಿ.

ಅಂಗಳವಿರುವ ಶಾಲೆಗೆ ದಸರಾ ರಜೆ ಮುಗಿದ ಮೇಲಿನ ದಿನಗಳು ಅನುಕೂಲ. ಮಳೆ ಹಿಂದಾಗಿರುತ್ತದೆ, ಸೆಕೆ ಇನ್ನೂ ದೂರ. ನವೆಂಬರಿನಲ್ಲಿ ಮರಿಗಳು ಹೊರಬಂದರೆ ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ತಾಯಿ ಅವುಗಳನ್ನು ಕುಕ್ಕಿ ಬೇರೆ ಮಾಡಿರುತ್ತದೆ, ಮಾರ್ಚಿನಲ್ಲಿ ಎಳೆ ಹುಂಜಗಳು ಒಡಕು ದನಿಯಲ್ಲಿ ಕೂಗಲು ಕಲಿಯುತ್ತವೆ, ಏಪ್ರಿಲಿನಲ್ಲಿ ಶಾಲೆ ಬೇಸಿಗೆ ರಜೆಗೆ ಮುಚ್ಚುತ್ತದೆ. ಆ ರಜೆಯಲ್ಲಿ ನೀರಿಡುವವರು ಯಾರು, ಭಾನುವಾರ ಗೂಡಿನ ಬಾಗಿಲು ತೆಗೆಯುವವರು ಯಾರು, ಹೇಂಟೆಗಳು ಯಾರ ಮನೆಗೆ, ಹುಂಜಗಳು ಯಾರ ಮನೆಗೆ ಹೋಗುತ್ತವೆ, ಅಲ್ಲಿ ಅವುಗಳಿಗೆ ಏನಾಗುತ್ತದೆ ಎಂಬುದನ್ನೆಲ್ಲ ಬುಟ್ಟಿಗೆ ಮೊಟ್ಟೆ ಇಡುವ ಮೊದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಮಕ್ಕಳ ಎದುರಿಗೆ, ಹೆಸರು ಸಮೇತ ಬರೆದಿಡಬೇಕು. ಹೆಸರು ಕೊಡಲು ಯಾರೂ ಮುಂದೆ ಬರದಿದ್ದರೆ, ಹೇಂಟೆ ಎಷ್ಟೇ ಗುರುಗುಟ್ಟಿದರೂ ಆ ವರ್ಷ ಅದರ ಕಾವು ಬಿಡಿಸಿಬಿಡುವುದೇ ಸರಿ.